ಬ್ಯಾಟರಿ ಎರಡು ಸಲ ಬದಲಾಯಿತು, ಡೈನಮೊ ಬದಲಾಯಿತು, ಕ್ಯಾಂಪರ್ ಮಾತ್ರ ನಡುರಾತ್ರಿ ಕತ್ತಲು

ಪ್ರಶ್ನೆ: ನಾವು ಶಿವಮೊಗ್ಗದವರು. 2021ರ ಬಿಎಸ್6 ಡೀಸೆಲ್ ಮಿನಿ ಬಸ್ ಒಂದನ್ನು ಕ್ಯಾಂಪರ್ ಮಾಡಿಸಿದ್ದೇವೆ. 12 ವೋಲ್ಟ್ ಗಾಡಿ. ಮುಂದೆ ಗಾಡಿಯ ಬ್ಯಾಟರಿ, ಹಿಂದೆ ಮಂಚದ ಕೆಳಗೆ 150 ಆಂಪ್ ಅವರ್‌ನ ಟ್ಯೂಬ್ಯುಲರ್ (ಲೆಡ್ ಆಸಿಡ್) ಬ್ಯಾಟರಿ. ಎರಡರ ನಡುವೆ ಆಟೊಮ್ಯಾಟಿಕ್ ರಿಲೇ ಇದೆ. 13.3 ವೋಲ್ಟ್‌ಗೆ ಸೇರುತ್ತದೆ, 12.8ಕ್ಕೆ ಬಿಡುತ್ತದೆ ಅಂತ ಅದರ ಮೇಲೆ ಬರೆದಿದೆ. ಪಾಸಿಟಿವ್, ನೆಗೆಟಿವ್ ಎರಡೂ 6 ಸ್ಕ್ವೇರ್ ಎಂಎಂ ವೈರ್, ತಲಾ 6 ಮೀಟರ್. ಫ್ರಿಜ್, ಎರಡು ಫ್ಯಾನ್, ಎಲ್‌ಇಡಿ ಲೈಟು, ನೀರಿನ ಪಂಪು, ಇಷ್ಟೇ ಲೋಡ್. ಆಗುಂಬೆ ಇಳಿದು ಉಡುಪಿ, ಮುರುಡೇಶ್ವರ, ಗೋಕರ್ಣಕ್ಕೆ ಹೋಗಿದ್ದೆವು. ದಿನಕ್ಕೆ ಮೂರು ನಾಲ್ಕು ಗಂಟೆ ಗಾಡಿ ಓಡಿಸಿದ್ದೇವೆ. ಸಂಜೆ ಮೀಟರ್ 100% ತೋರಿಸುತ್ತದೆ, ರಾತ್ರಿ 2 ಗಂಟೆಗೆ ಫ್ರಿಜ್ ಆಫ್, ಫ್ಯಾನ್ ನಿಧಾನ. ಮಗು ಸೆಕೆಗೆ ಎದ್ದು ಅಳುತ್ತದೆ. ಸಿಗರೇಟ್ ಸಾಕೆಟ್‌ಗೆ ಹಾಕುವ ಮೀಟರ್‌ನಲ್ಲಿ ನೋಡಿದರೆ ಘಾಟಿ ಇಳಿಯುವಾಗ 14.6, ಹೆದ್ದಾರಿಯಲ್ಲಿ ಬರೀ 12.6. ಹಿಂದಿನ ಪ್ಯಾನೆಲ್‌ನಲ್ಲಿ ಘಾಟಿಯಲ್ಲಿ 13.3 ಬಂತು. ಹೆಡ್‌ಲೈಟ್ ಹಾಕಿದರೆ ಡೀಸೆಲ್ ಮುಳ್ಳು ಕಾಲು ಭಾಗ ಇಳಿಯುತ್ತದೆ, ಟೆಂಪರೇಚರ್ ಮುಳ್ಳೂ ಅಲುಗಾಡುತ್ತದೆ. ಬಳಸಿದ ನೀರಿನ ಟ್ಯಾಂಕ್ ಖಾಲಿ ಮಾಡಿದರೂ ಅರ್ಧ ಅಂತಲೇ ತೋರಿಸುತ್ತದೆ. ಬ್ಯಾಟರಿ ಎರಡು ಸಲ, ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ಕೊಡುವ ಡೈನಮೊ) ಒಂದು ಸಲ ಬದಲಾಯಿಸಿದ್ದಾಯಿತು. ಈಗ ಮೆಕ್ಯಾನಿಕ್ ದೊಡ್ಡ ಆಲ್ಟರ್ನೇಟರ್ ಹಾಕೋಣ ಅನ್ನುತ್ತಿದ್ದಾರೆ. ಹಾಕಿಸಲಾ?

ಉತ್ತರ:

ಬೇಡ. ಸದ್ಯಕ್ಕೆ ಒಂದು ರೂಪಾಯಿಯ ಸಾಮಾನೂ ಕೊಳ್ಳಬೇಡಿ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಆ ಮೂರು ಅಂಕಿ. ಘಾಟಿಯಲ್ಲಿ ಮುಂದೆ 14.6, ಅದೇ ಹೊತ್ತಿಗೆ ಹಿಂದೆ 13.3, ಹೆದ್ದಾರಿಯಲ್ಲಿ ಮುಂದೆ 12.6. ಇವನ್ನು ಬರೆಯದೆ ಬರೀ "ಬ್ಯಾಟರಿ ನಿಲ್ಲುತ್ತಿಲ್ಲ" ಅಂದಿದ್ದರೆ ನಾನೂ ಬ್ಯಾಟರಿಯನ್ನೇ ಅನುಮಾನಿಸುತ್ತಿದ್ದೆ. ಇಪ್ಪತ್ತು ವರ್ಷದಿಂದ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಚಾರ್ಜ್ ಆಗುತ್ತಿಲ್ಲ ಅಂತ ಬಂದ ಕ್ಯಾಂಪರ್‌ಗಳಲ್ಲಿ ಬ್ಯಾಟರಿಯೋ ಆಲ್ಟರ್ನೇಟರೋ ನಿಜವಾಗಿ ಕೆಟ್ಟಿದ್ದು ಕಡಿಮೆ. ಜಾಸ್ತಿ ಸಲ ತಪ್ಪು ಇದ್ದದ್ದು ಎರಡರ ನಡುವಿನ ವೈರ್‌ನಲ್ಲಿ, ಅದರಲ್ಲೂ ನೆಗೆಟಿವ್ ಕಡೆಯಲ್ಲಿ.

ಬ್ಯಾಟರಿ ಇಳಿಯುವುದು, ಮುಳ್ಳು ಕುಣಿಯುವುದು, ಟ್ಯಾಂಕ್ ಮೀಟರ್ ಸುಳ್ಳು ಹೇಳುವುದು, ಇವೆಲ್ಲ ಒಂದೇ ಕಾಯಿಲೆ ಅಂತ ನಿಮಗೆ ಅನಿಸಿದೆ. ಅನಿಸುವುದು ಸಹಜ, ಎಲ್ಲ ಒಟ್ಟಿಗೇ ಶುರುವಾಯಿತಲ್ಲ. ಆದರೆ ಇವು ಬೇರೆ ಬೇರೆ. ಬಿಡಿಸಿ ನೋಡೋಣ.

ಮೊದಲು ಚಾರ್ಜಿಂಗ್. ಹಳೆಯ ಗಾಡಿಗಳಲ್ಲಿ ಎಂಜಿನ್ ಓಡುತ್ತಿದ್ದರೆ ಆಲ್ಟರ್ನೇಟರ್ 13.8ರಿಂದ 14.4 ವೋಲ್ಟ್‌ವರೆಗೆ ಕೊಡುತ್ತಲೇ ಇರುತ್ತಿತ್ತು. ನಿಮ್ಮ ಆಟೊಮ್ಯಾಟಿಕ್ ರಿಲೇ ಆ ಕಾಲದ ಗಾಡಿಗೆ ಮಾಡಿದ್ದು. 13.3 ದಾಟಿದರೆ ಎಂಜಿನ್ ಓಡುತ್ತಿದೆ ಅಂತ ತಿಳಿದು ಎರಡು ಬ್ಯಾಟರಿ ಸೇರಿಸುತ್ತದೆ, 12.8ಕ್ಕೆ ಇಳಿದರೆ ಎಂಜಿನ್ ನಿಂತಿದೆ ಅಂತ ತಿಳಿದು ಬಿಡಿಸುತ್ತದೆ. ಬಹಳಷ್ಟು ಬಿಎಸ್6 ಗಾಡಿಗಳಲ್ಲಿ ಹಾಗಿಲ್ಲ. ಅಲ್ಲಿ ಆಲ್ಟರ್ನೇಟರ್‌ಗೆ ಎಷ್ಟು ವೋಲ್ಟ್ ಕೊಡಬೇಕು ಅಂತ ಕಂಪ್ಯೂಟರ್ ಹೇಳುತ್ತದೆ. ಮುಂದಿನ ಬ್ಯಾಟರಿ ತುಂಬಿದೆ ಅನಿಸಿದರೆ ಡೀಸೆಲ್ ಉಳಿಸಲು ವೋಲ್ಟೇಜನ್ನು 12.5ರ ಆಸುಪಾಸಿಗೆ ಇಳಿಸುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ, ಇಳಿಜಾರಿನಲ್ಲಿ ಹೋಗುವಾಗ, ಹೇಗೂ ಗಾಡಿಯ ವೇಗ ಸುಮ್ನೆ ಬ್ರೇಕಿಗೆ ಹೋಗುತ್ತಿದೆ ಅಂತ ವೋಲ್ಟೇಜ್ ಏರಿಸಿ ಬ್ಯಾಟರಿಗೆ ತುಂಬುತ್ತದೆ. ಸ್ಮಾರ್ಟ್ ಆಲ್ಟರ್ನೇಟರ್ ಅನ್ನುವುದು ಇದಕ್ಕೇ.

ಆಗುಂಬೆ ಘಾಟಿಯಲ್ಲಿ 14.6, ಗೋಕರ್ಣದ ದಾರಿಯ 66ನೇ ಹೆದ್ದಾರಿಯಲ್ಲಿ 12.6. ಇದು ಅದೇ ಲಕ್ಷಣ. ನಿಮ್ಮ ಆಲ್ಟರ್ನೇಟರ್ ಕೆಟ್ಟಿಲ್ಲ, ಅದು ಮಾಡಬೇಕಾದ್ದನ್ನೇ ಮಾಡುತ್ತಿದೆ. ಹೆದ್ದಾರಿಯಲ್ಲಿ 12.6 ಆದ ತಕ್ಷಣ ರಿಲೇ ಹಿಂದಿನ ಬ್ಯಾಟರಿಯನ್ನು ಬಿಟ್ಟುಬಿಡುತ್ತದೆ. ಆ ಮೂರು ಗಂಟೆ ಪಯಣದಲ್ಲಿ ನಿಮ್ಮ ಟ್ಯೂಬ್ಯುಲರ್‌ಗೆ ಏನೂ ಸಿಗುವುದಿಲ್ಲ. ಅಷ್ಟೇ ಅಲ್ಲ, ಫ್ರಿಜ್ ಓಡುತ್ತಲೇ ಇರುವುದರಿಂದ ಸಂಜೆ ಹೊತ್ತಿಗೆ ಇನ್ನಷ್ಟು ಖಾಲಿಯಾಗಿರುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ಲೈಟ್ ಹೊತ್ತಿಲ್ಲವಲ್ಲ ಅಂತ ನೀವು ಕೇಳಬಹುದು. ಆ ಲೈಟಿಗೆ ಗೊತ್ತಿರುವುದು ಮುಂದಿನ ಬ್ಯಾಟರಿ ಮಾತ್ರ. ಹಿಂದೆ ಇನ್ನೊಂದು ಇದೆ ಅಂತಲೇ ಅದಕ್ಕೆ ಗೊತ್ತಿಲ್ಲ.

ಇನ್ನು ದೊಡ್ಡ ಆಲ್ಟರ್ನೇಟರ್ ಹಾಕಿದರೆ ಏನಾಗುತ್ತದೆ? ಅದಕ್ಕೂ ಅದೇ ಕಂಪ್ಯೂಟರ್ ಅದೇ 12.6 ಹೇಳುತ್ತದೆ. ಟ್ಯಾಂಕ್ ದೊಡ್ಡದಾದರೂ ನಲ್ಲಿ ಮುಚ್ಚಿದ್ದರೆ ಕೊಡಕ್ಕೆ ನೀರು ಬರುವುದಿಲ್ಲ, ಅಲ್ವಾ?

ನಲ್ಲಿ ತೆರೆದಾಗಲೂ ಪೈಪು ಸಣ್ಣದು, ಇದು ಎರಡನೆಯ ತೊಂದರೆ. ಘಾಟಿಯಲ್ಲಿ ಮುಂದೆ 14.6 ಇದ್ದಾಗ ಹಿಂದೆ 13.3 ಬಂತು ಅಂದಿರಿ. ನಡುವೆ 1.3 ವೋಲ್ಟ್ ಎಲ್ಲಿ ಹೋಯಿತು? ಲೆಕ್ಕ ಹಾಕಿ. 6 ಸ್ಕ್ವೇರ್ ಎಂಎಂ ತಾಮ್ರದ ವೈರ್‌ಗೆ ಮೀಟರಿಗೆ ಸುಮಾರು 3.3 ಮಿಲಿ ಓಮ್ ತಡೆ. ಹೋಗಲು 6 ಮೀಟರ್, ವಾಪಸ್ ಬರಲು 6 ಮೀಟರ್, ಒಟ್ಟು 12 ಮೀಟರ್‌ಗೆ 40 ಮಿಲಿ ಓಮ್ ಹತ್ತಿರ. 30 ಆಂಪ್ ಹರಿದರೆ 1.2 ವೋಲ್ಟ್ ವೈರ್‌ನಲ್ಲೇ ಕರಗುತ್ತದೆ, ಉಳಿದದ್ದು ರಿಲೇ ಮತ್ತು ವೈರ್ ತುದಿಯ ಲಗ್‌ಗಳಲ್ಲಿ. ಹೀಗೆ ಕರಗುವುದು ಶಾಖವಾಗಿ, 30 ಆಂಪ್‌ಗೆ 36 ವ್ಯಾಟ್. ಅಷ್ಟು ಬಿಸಿ ನಿಮ್ಮ ಗಾಡಿಯ ನೆಲದ ಕೆಳಗೆ, ಪ್ಲೈವುಡ್ ಹಿಂದೆ ಏಳುತ್ತಿದೆ. ಅದೇ ದೂರಕ್ಕೆ 25 ಸ್ಕ್ವೇರ್ ಎಂಎಂ ಹಾಕಿದರೆ ನಷ್ಟ 0.3 ವೋಲ್ಟ್ ಕೂಡ ಇರುವುದಿಲ್ಲ.

ಟ್ಯೂಬ್ಯುಲರ್ ತುಂಬಲು ಅದರ ಟರ್ಮಿನಲ್ ಮೇಲೇ 14.4ರ ಹತ್ತಿರ ಬೇಕು. 13.3ಕ್ಕೆ ಅದು ತೇಲುತ್ತದೆ, ತುಂಬುವುದಿಲ್ಲ. ಹೀಗೆ ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಬಿಟ್ಟರೆ ಒಳಗಿನ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಸರಿಯಾಗಿ ಚಾರ್ಜ್ ಮಾಡಿದರೂ ಪೂರ್ತಿ ಹಿಡಿಯುವುದಿಲ್ಲ. ನಿಮ್ಮ ಮೊದಲ ಎರಡು ಬ್ಯಾಟರಿ ಸೋತದ್ದು ಹೀಗೇ ಅಂತ ನನ್ನ ಅಂದಾಜು. ಅವು ಕೆಟ್ಟ ಮಾಲು ಅಲ್ಲ, ಉಪವಾಸ ಬಿದ್ದವು. ಮೂರನೆಯದನ್ನು ಹಾಗೇ ಬಿಟ್ಟರೆ ಅದಕ್ಕೂ ಅದೇ ಗತಿ.

ಬ್ಯಾಟರಿಯ ಸೈಜು ಸಾಲದೇನೋ, ಇನ್ನೊಂದು ಜೋಡಿಸಲಾ ಅನ್ನುವ ಯೋಚನೆಯೂ ನಿಮಗೆ ಬಂದಿರಬಹುದು. ಸಾಕು. ಫ್ರಿಜ್ 45 ವ್ಯಾಟ್‌ನದು, ದಿನದಲ್ಲಿ ಅರ್ಧ ಹೊತ್ತು ಓಡುತ್ತದೆ ಅಂತಿಟ್ಟರೆ 45 ಆಂಪ್ ಅವರ್. ಫ್ಯಾನು, ಲೈಟು, ಪಂಪಿಗೆ ಇನ್ನೊಂದು 20. ದಿನಕ್ಕೆ 65 ಆಯಿತು. 150ರಲ್ಲಿ ಅರ್ಧ ಬಳಸಿದರೆ 75. ಬ್ಯಾಟರಿ ನಿಜವಾಗಿ ತುಂಬಿದ್ದರೆ ಒಂದು ರಾತ್ರಿ ಆರಾಮಾಗಿ ಕಳೆಯಬೇಕು. ಖಾಲಿ ಇರುವ ಬ್ಯಾಟರಿಗೆ ಇನ್ನೊಂದು ಖಾಲಿ ಬ್ಯಾಟರಿ ಜೋಡಿಸಿ ಏನು ಪ್ರಯೋಜನ?

ಹಾಗಾದರೆ ಸಂಜೆ 100% ಯಾಕೆ ತೋರಿಸಿತು? ನಿಮ್ಮ ಪ್ಯಾನೆಲ್ ಬರೀ ವೋಲ್ಟೇಜ್ ನೋಡಿ ಶೇಕಡಾ ಹೇಳುವಂಥದ್ದು. ಚಾರ್ಜ್ ಸಿಗುತ್ತಿರುವಾಗ ಖಾಲಿ ಬ್ಯಾಟರಿಯೂ 13ರ ಮೇಲೆ ತೋರಿಸುತ್ತದೆ, ಚಾರ್ಜ್ ನಿಂತ ಮೇಲೂ ಸ್ವಲ್ಪ ಹೊತ್ತು ಆ ಉಬ್ಬರ ಇರುತ್ತದೆ. ಘಾಟಿ ಇಳಿದು ಸ್ವಲ್ಪದರಲ್ಲೇ ಗಾಡಿ ನಿಲ್ಲಿಸಿ ನೋಡಿದರೆ 100%. ಲೆಡ್ ಬ್ಯಾಟರಿಯ ನಿಜವಾದ ಮಟ್ಟ ಬೇಕಾದರೆ ಲೋಡೂ ಇಲ್ಲದೆ ಚಾರ್ಜೂ ಇಲ್ಲದೆ ನಾಲ್ಕೈದು ಗಂಟೆ ಬಿಟ್ಟು ಅಳೆಯಬೇಕು. ಆಗ 12.5ರಿಂದ 12.7 ಬಂದರೆ ತುಂಬಿದೆ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಹೋದರೆ ಹೆಚ್ಚುಕಡಿಮೆ ಖಾಲಿ. ಪಯಣದಲ್ಲಿ ಅಷ್ಟು ಹೊತ್ತು ಫ್ರಿಜ್ ಆಫ್ ಮಾಡಿ ಕೂರಲು ಯಾರಿಂದಲೂ ಆಗುವುದಿಲ್ಲ. ಅದಕ್ಕೇ ಶಂಟ್ ಇರುವ ಮೀಟರ್ ಬೇಕು. ನೆಗೆಟಿವ್ ದಾರಿಯಲ್ಲಿ ಕೂತು ಒಳಗೆ ಎಷ್ಟು ಹೋಯಿತು, ಹೊರಗೆ ಎಷ್ಟು ಬಂತು ಅಂತ ಅದು ಎಣಿಸುತ್ತದೆ. ಒಂದು ಮಾತು ನೆನಪಿಡಿ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ಗೆ ಶಂಟ್‌ನ ವೈರ್ ಬಿಟ್ಟು ಬೇರೆ ಏನೂ ಇರಬಾರದು. ಪಂಪಿನ ಒಂದೇ ಒಂದು ನೆಗೆಟಿವ್ ನೇರ ಟರ್ಮಿನಲ್‌ಗೆ ಹೋದರೂ ಆ ಲೆಕ್ಕ ತಪ್ಪುತ್ತದೆ. ಆಮೇಲೆ ಆಗಾಗ ಪೂರ್ತಿ ಚಾರ್ಜ್ ಮಾಡಿ ಮೀಟರನ್ನು 100ಕ್ಕೆ ತರಬೇಕು, ಇಲ್ಲವಾದರೆ ವಾರ ಕಳೆದಂತೆ ಅದೂ ಜಾರುತ್ತದೆ.

ಡೀಸೆಲ್ ಮುಳ್ಳಿನ ವಿಷಯ ಬೇರೆ. ಹೆಡ್‌ಲೈಟ್ ಹಾಕಿದರೆ ಡೀಸೆಲ್ ಇಳಿಯುವುದಿಲ್ಲ, ಅರ್ತ್ (ಗಾಡಿಯ ಲೋಹದ ಮೈಗೆ ಕೊಟ್ಟ ನೆಗೆಟಿವ್) ಕೈಕೊಡುತ್ತದೆ. ಟ್ಯಾಂಕಿನಲ್ಲಿ ತೇಲುವ ಫ್ಲೋಟ್ ಇದೆ, ಅದು ಮೇಲೆ ಕೆಳಗೆ ಹೋದಂತೆ ಒಂದು ರೆಸಿಸ್ಟರ್ ಬದಲಾಗುತ್ತದೆ, ಮೀಟರ್ ಅದನ್ನೇ ಓದುತ್ತದೆ. ಸಣ್ಣ ಕರೆಂಟು, ಸೂಕ್ಷ್ಮ ಲೆಕ್ಕ. ಆ ಮೀಟರೂ ಹೆಡ್‌ಲೈಟೂ ಒಂದೇ ಅರ್ತ್ ಬೋಲ್ಟ್ ಹಂಚಿಕೊಂಡು ಆ ಬೋಲ್ಟ್ ಸಡಿಲವೋ ತುಕ್ಕೋ ಆಗಿದ್ದರೆ, ಹೆಡ್‌ಲೈಟಿನ ಹತ್ತು ಆಂಪ್ ಅಲ್ಲಿ ನುಗ್ಗುವಾಗ ಅರ್ತೇ ಒಂದು ವೋಲ್ಟ್ ಮೇಲೆ ಏಳುತ್ತದೆ. ಮೀಟರ್ ಪಾಪ, ಸೊನ್ನೆ ಯಾವುದು ಅಂತಲೇ ಗೊತ್ತಾಗದೆ ಮುಳ್ಳು ಇಳಿಸುತ್ತದೆ. ಕ್ಯಾಂಪರ್ ಮಾಡುವವರು ಹೊಸ ಲೈಟು, ಪಂಪುಗಳ ನೆಗೆಟಿವನ್ನು ಕೈಗೆ ಸಿಕ್ಕ ಯಾವುದೋ ಬೋಲ್ಟ್‌ಗೆ ಬಿಗಿದಿರುತ್ತಾರೆ. ಕೆಳಗೆ ಪೇಂಟ್ ಇದೆಯಾ ಅಂತ ನೋಡಿರುವುದಿಲ್ಲ. ನಮ್ಮ ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಮಳೆ ಎರಡೂ ಕಂಡ ಗಾಡಿಯಲ್ಲಿ ಅಂಥ ಜಾಯಿಂಟ್ ಎರಡು ವರ್ಷಕ್ಕೆ ಹಸಿರುಗಟ್ಟುತ್ತದೆ.

ಇದನ್ನು ನೀವೇ ಹತ್ತು ನಿಮಿಷದಲ್ಲಿ ಪರೀಕ್ಷಿಸಬಹುದು. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಒಂದು ಮೊನೆ ಮುಂದಿನ ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದು ಡ್ಯಾಶ್ ಹಿಂದಿನ ಅರ್ತ್ ಬೋಲ್ಟ್ ಮೇಲೆ. ಹೆಡ್‌ಲೈಟ್ ಹಾಕಿ. 0.1 ವೋಲ್ಟ್ ಒಳಗೆ ಇದ್ದರೆ ಸರಿ. ಅರ್ಧ, ಒಂದು ಬಂದರೆ ಕಳ್ಳ ಸಿಕ್ಕ. ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ, ಬಿಗಿಯಾಗಿ ಹಾಕಿ, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಲೋಡ್ ಇಲ್ಲದಾಗ ಓಮ್ ಅಳೆದು "ಕನೆಕ್ಷನ್ ಸರಿ ಇದೆ" ಅನ್ನುವವರ ಮಾತು ನಂಬಬೇಡಿ. ನೂರು ಎಳೆಯಲ್ಲಿ ಒಂದೇ ಎಳೆ ಉಳಿದಿದ್ದರೂ ಓಮ್ ಮೀಟರ್ ಸರಿ ಅನ್ನುತ್ತದೆ. ಕರೆಂಟ್ ಹರಿಯುವಾಗ ಅಳೆದರೆ ಮಾತ್ರ ನಿಜ ಬಯಲಾಗುತ್ತದೆ. ಆದರೆ ಟೆಂಪರೇಚರ್ ಮುಳ್ಳು ಹೆಡ್‌ಲೈಟ್ ಆಫ್ ಇದ್ದಾಗಲೂ ಏರಿದರೆ ಅದನ್ನು ಅರ್ತ್ ತಲೆಗೆ ಕಟ್ಟಬೇಡಿ. ಗಾಡಿ ನಿಲ್ಲಿಸಿ ಕೂಲೆಂಟ್ ಕಡೆ ಗಮನ ಕೊಡಿ.

ನೀರಿನ ಟ್ಯಾಂಕ್ ಸುಲಭ. ಗೋಡೆಯಲ್ಲಿ ಮೇಲೆ ಕೆಳಗೆ ಸ್ಕ್ರೂನಂಥ ಪ್ರೋಬ್‌ಗಳು ಇರುತ್ತವೆ, ನೀರು ಮುಟ್ಟಿದರೆ ಲೈಟ್ ಹೊತ್ತುತ್ತದೆ. ಪಾತ್ರೆ ತೊಳೆದ ಸೋಪು, ಜಿಡ್ಡು ಗೋಡೆಗೆ ಅಂಟಿ ಅದರ ಮೇಲೇ ಕರೆಂಟ್ ಹರಿದು ಟ್ಯಾಂಕ್ ಅರ್ಧ ಇದೆ ಅಂತ ಸುಳ್ಳು ಹೇಳುತ್ತದೆ. ಅರ್ಧ ಟ್ಯಾಂಕ್ ಬಿಸಿನೀರಿಗೆ ಪಾತ್ರೆ ಸೋಪು ಹಾಕಿ ಒಂದು ದಿನ ಗಾಡಿ ಓಡಿಸಿ, ಕುಲುಕಾಟದಲ್ಲೇ ತೊಳೆಯುತ್ತದೆ. ಬೋರ್‌ವೆಲ್ ಗಡಸು ನೀರಿನ ಬಿಳಿ ಪದರ ಕೂತಿದ್ದರೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಬಿಡಿ.

ಈಗ ಚಾರ್ಜಿಂಗ್‌ಗೆ ದಾರಿ ಯಾವುದು ಅನ್ನುವುದು. ವೈರ್ ಮಾತ್ರ ದಪ್ಪ ಮಾಡಿ ರಿಲೇ ಹಾಗೇ ಬಿಟ್ಟರೆ ಘಾಟಿಯಲ್ಲಿ ಚೆನ್ನಾಗಿ ತುಂಬುತ್ತದೆ, ಹೆದ್ದಾರಿಯಲ್ಲಿ ಮತ್ತೆ ಅದೇ ಕಥೆ. ಹೆಡ್‌ಲೈಟ್ ಹಾಕಿಕೊಂಡೇ ಓಡಿಸಿದರೆ ವೋಲ್ಟೇಜ್ ಏರುತ್ತದೆ ಅಂತ ಕೆಲವರು ಹೇಳುತ್ತಾರೆ. ಕೆಲವು ಗಾಡಿಯಲ್ಲಿ ಏರುತ್ತದೆ, ಕೆಲವದರಲ್ಲಿ ಇಲ್ಲ, ಅದನ್ನು ನಂಬಿ ಟೂರ್ ಹೋಗಲಾಗದು. ನಿಮ್ಮ ಗಾಡಿಗೆ ಸರಿಯಾದದ್ದು ಡಿಸಿ ಟು ಡಿಸಿ ಚಾರ್ಜರ್. ಮುಂದಿನಿಂದ 12.2 ಬಂದರೂ ಅದನ್ನು ಏರಿಸಿ ಹಿಂದೆ 14.4 ಕೊಡುತ್ತದೆ. 30 ಆಂಪ್‌ನದು ಸಾಕು, ಮೂರು ಗಂಟೆ ಓಡಿಸಿದರೆ ನಿಮ್ಮ ಒಂದು ದಿನದ ಖರ್ಚು ವಾಪಸ್ ಬರುತ್ತದೆ.

ಅದರಲ್ಲೂ ಅಪಾಯ ಇದೆ, ಹೇಳುತ್ತೇನೆ. ಹಿಂದೆ 30 ಆಂಪ್ ಕೊಡಲು ಅದು ಮುಂದಿನಿಂದ 40ರ ಹತ್ತಿರ ಎಳೆಯುತ್ತದೆ, ಆದ್ದರಿಂದ ಹಳೆಯ 6 ಸ್ಕ್ವೇರ್ ಎಂಎಂ ಮೇಲೆ ಅದನ್ನು ಕೂರಿಸಲೇಬಾರದು. 16 ಕನಿಷ್ಠ, 25 ಒಳ್ಳೆಯದು. ವೋಲ್ಟೇಜ್ ನೋಡಿ ಎಂಜಿನ್ ಓಡುತ್ತಿದೆಯಾ ಅಂತ ತಿಳಿಯಲು ಆಗದ ಗಾಡಿ ನಿಮ್ಮದು, ಹಾಗಾಗಿ ಕೀ ಆನ್ ಇದ್ದಾಗ ಮಾತ್ರ ಕರೆಂಟ್ ಬರುವ ಇಗ್ನಿಷನ್ ವೈರನ್ನು ಚಾರ್ಜರ್‌ಗೆ ಕೊಡಲೇಬೇಕು. ಚಾರ್ಜರ್ ಚೆನ್ನಾಗಿ ಬಿಸಿಯಾಗುತ್ತದೆ, ಹಾಸಿಗೆ ಬಟ್ಟೆಯ ನಡುವೆ ಮುಚ್ಚಿಡಬೇಡಿ. ವೈರ್‌ನ ಎರಡೂ ತುದಿಯಲ್ಲಿ, ಎರಡೂ ಬ್ಯಾಟರಿಯಿಂದ ಒಂದು ಗೇಣಿನೊಳಗೆ 60 ಆಂಪ್ ಫ್ಯೂಸ್ ಇರಲಿ. ಒಂದೇ ತುದಿಗೆ ಹಾಕಿದರೆ ಸಾಲದು, ವೈರ್ ನಡುವೆ ಎಲ್ಲಾದರೂ ಉಜ್ಜಿ ಚಾಸಿಗೆ ತಾಗಿದರೆ ಎರಡೂ ಬ್ಯಾಟರಿ ಎರಡೂ ಕಡೆಯಿಂದ ಬೆಂಕಿ ಊಡುತ್ತವೆ. ಫ್ಯೂಸ್ ಹಾರಿದಾಗ ವೈರಿನ ಎಳೆ ಸುತ್ತಿ ಓಡಿಸಿದ ಗಾಡಿಯೊಂದು ನನ್ನ ಬಳಿ ಬಂದಿತ್ತು, ನೆಲದ ಮ್ಯಾಟ್ ಕೆಳಗೆ ಎರಡಡಿ ವೈರ್ ಕರಗಿ ಪ್ಲೈವುಡ್ ಕಪ್ಪಾಗಿತ್ತು. ಆ ಮನೆಯವರು ಅದರ ಮೇಲೆಯೇ ಮಲಗಿದ್ದರು. ಇವತ್ತಿಗೂ ಅದು ಕಣ್ಣ ಮುಂದೆ ಬರುತ್ತದೆ.

ಮುಂದಿನ ಬ್ಯಾಟರಿಯ ನೆಗೆಟಿವ್ ಕ್ಲ್ಯಾಂಪ್ ಮೇಲೆ ಪುಟ್ಟ ಕಪ್ಪು ಡಬ್ಬಿ ಇದೆಯಾ ನೋಡಿ. ಇದ್ದರೆ ಅದು ಕಂಪ್ಯೂಟರ್‌ಗೆ ಲೆಕ್ಕ ಕೊಡುವ ಸೆನ್ಸರ್. ಕ್ಯಾಂಪರಿನ ನೆಗೆಟಿವನ್ನು ಅದನ್ನು ದಾಟಿಸಿ ನೇರ ಪೋಸ್ಟ್‌ಗೆ ಹಾಕಿದ್ದರೆ ಗಾಡಿಯ ಲೆಕ್ಕವೇ ತಪ್ಪುತ್ತದೆ. ಚಾಸಿಗೆ ಹಾಕಿಸಿ.

ಲಿಥಿಯಂ ಹಾಕಿಸಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಒಳ್ಳೆಯದೇ. ಹಗುರ, ಅರೆಹೊಟ್ಟೆಯಲ್ಲಿ ಇದ್ದರೂ ಬೇಸರವಿಲ್ಲ. ಆದರೆ ಈಗಿರುವ ವೈರಿಂಗ್‌ಗೆ ಅದನ್ನು ನೇರ ಜೋಡಿಸಿದರೆ ಸಿಕ್ಕಷ್ಟೂ ಎಳೆಯುತ್ತದೆ, ವೈರ್ ಬಿಸಿ, ಎಂಜಿನ್ ನಿಧಾನ ಓಡುವಾಗ ಗಾಳಿ ಸಾಲದೆ ಆಲ್ಟರ್ನೇಟರೂ ಬಿಸಿ. ಡಿಸಿ ಟು ಡಿಸಿ ಇಲ್ಲದೆ ಲಿಥಿಯಂ ಬೇಡ. ಮುಂದೆ ಎಂದಾದರೂ ಸ್ಪಿತಿ, ಲಡಾಖ್ ಕಡೆ ಹೊರಟರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡುವಂತಿಲ್ಲ ಅನ್ನುವುದೂ ತಿಳಿದಿರಲಿ. ಸೋಲಾರ್ ಬೇಕೆಂದರೆ ಮೇಲೆ 200 ವ್ಯಾಟ್ ಹಾಕಿಸಿ, ಒಳ್ಳೆ ಬಿಸಿಲಿಗೆ ದಿನಕ್ಕೆ 700 ವ್ಯಾಟ್ ಅವರ್ ಸಿಕ್ಕೀತು, ಫ್ರಿಜ್ಜಿನ ಪಾಲು ಅದರಲ್ಲೇ ಮುಗಿಯುತ್ತದೆ. ಜುಲೈನಲ್ಲಿ ಆಗುಂಬೆಯಲ್ಲಿ ಅದನ್ನು ನೆಚ್ಚಬೇಡಿ.

ಒಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಮಂಚದ ಕೆಳಗೆ ಟ್ಯೂಬ್ಯುಲರ್ ಇದೆ ಅಂದಿರಿ. ಈವರೆಗೆ ಅದು ಸರಿಯಾಗಿ ಚಾರ್ಜ್ ಆಗದೆ ಇದ್ದುದರಿಂದ ಗ್ಯಾಸೂ ಕಡಿಮೆ ಬಂದಿರುತ್ತದೆ. ಇನ್ನು ಮೇಲೆ 14.4 ಸಿಕ್ಕಾಗ ಹೈಡ್ರೋಜನ್ ಬರುತ್ತದೆ, ಅದರ ಮೇಲೆ ಮಗು ಮಲಗುತ್ತದೆ. ಮುಚ್ಚಿದ ಡಬ್ಬಿಯಲ್ಲಿಟ್ಟು ಮೇಲಿನಿಂದ ಪೈಪ್ ಹಾಕಿ ಗಾಡಿಯ ಹೊರಗೆ ಬಿಡಿಸಿ. 50 ಕಿಲೋ ದಾಟುವ ಬ್ಯಾಟರಿ ಅದು, ಘಾಟಿಯ ತಿರುವಿನಲ್ಲಿ ಸರಿಯದ ಹಾಗೆ ಕಬ್ಬಿಣದ ಪಟ್ಟಿಯಿಂದ ಬಿಗಿಸಿ. ಇದು ಆಗುವವರೆಗೆ ಹೊಸ ಚಾರ್ಜರ್ ಹಾಕಿಸಬೇಡಿ.

ಮತ್ತೆ ಗ್ಯಾರೇಜಿನಲ್ಲಿ ಯಾರಾದರೂ ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ತೆಗೆದು "ಡೈನಮೊ ಚೆಕ್ ಮಾಡ್ತೀನಿ" ಅಂದರೆ ಕೈ ಹಿಡಿದು ನಿಲ್ಲಿಸಿ. ಹಳೆ ಲಾರಿಗಳ ಕಾಲದ ಅಭ್ಯಾಸ ಅದು. ಬ್ಯಾಟರಿ ತೆಗೆದ ಕ್ಷಣ ವೋಲ್ಟೇಜ್ ಹಲವು ಪಟ್ಟು ಜಿಗಿಯಬಹುದು, ಬಿಎಸ್6 ಗಾಡಿಯ ಕಂಪ್ಯೂಟರ್ ಸುಟ್ಟರೆ ಅದರ ಮುಂದೆ ನೀವು ಈವರೆಗೆ ಮಾಡಿದ ಖರ್ಚು ಏನೂ ಅಲ್ಲ.

ಈ ಭಾನುವಾರ ಹೀಗೆ ಮಾಡಿ. ಮನೆಯಲ್ಲಿ ಚಾರ್ಜರ್ ಹಾಕಿ, ಕಿಟಕಿ ಬಾಗಿಲು ತೆರೆದಿಟ್ಟು, ಹಿಂದಿನ ಬ್ಯಾಟರಿಯನ್ನು ಪೂರ್ತಿ ತುಂಬಿಸಿ. ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೊಮೀಟರ್‌ನಲ್ಲಿ ಆರೂ ಸೆಲ್ ನೋಡಿ, 1.240ರ ಆಸುಪಾಸು ಬರಬೇಕು. ಒಂದು ಸೆಲ್ ಮಾತ್ರ ಉಳಿದವಕ್ಕಿಂತ 0.030 ಕೆಳಗಿದ್ದರೆ ಆ ಬ್ಯಾಟರಿ ಸೋತಿದೆ. ಎಲ್ಲ ಸಮ ಇದ್ದರೆ ಅದನ್ನೇ ಉಳಿಸಿಕೊಳ್ಳಿ. ಆಮೇಲೆ ಮೂರು ಅಂಕಿ ಬರೆದು ಕಳುಹಿಸಿ: ಹೆಡ್‌ಲೈಟ್ ಹಾಕಿದಾಗ ಡ್ಯಾಶ್ ಅರ್ತ್‌ನಲ್ಲಿ ಎಷ್ಟು, ಫ್ರಿಜ್ ಓಡುವಾಗ ಬ್ಯಾಟರಿ ಮೇಲೆ ಎಷ್ಟು, ಅದೇ ಹೊತ್ತಿಗೆ ಫ್ರಿಜ್ಜಿನ ಪ್ಲಗ್‌ನಲ್ಲಿ ಎಷ್ಟು. ಕೊನೆಯ ಎರಡರ ನಡುವೆ ಅರ್ಧ ವೋಲ್ಟ್‌ಗಿಂತ ಜಾಸ್ತಿ ಅಂತರ ಬಂದರೆ ಫ್ರಿಜ್ಜಿನ ವೈರೂ ಸಣ್ಣದು, ಬ್ಯಾಟರಿಯಲ್ಲಿ ಚಾರ್ಜ್ ಇದ್ದಾಗಲೇ ಅದು ಲೋ ವೋಲ್ಟೇಜ್ ಅಂತ ಆಫ್ ಆಗುತ್ತಿರಬಹುದು. ಜೊತೆಗೆ ಗಾಡಿಯ ಆಲ್ಟರ್ನೇಟರ್ ಮೇಲೆ ಬರೆದಿರುವ ಆಂಪ್ ಎಷ್ಟು ಅಂತಲೂ ತಿಳಿಸಿ. ಚಾರ್ಜರ್ 30ರದ್ದೋ 20ರದ್ದೋ ಅಂತ ಅದನ್ನು ನೋಡಿ ಹೇಳುತ್ತೇನೆ.